ರೇಟ್ 1 ರೂಪಾಯಿ: ಚಿಕ್ಕಮಗಳೂರಿನ ಕಾಫಿ ಡಿಪೋಗಳಲ್ಲಿ ಒಂದು ಸಾಫ್ಟ್‌ವೇರ್ ಪ್ರಕರಣ

ಜನವರಿ ನಡುವಿನಲ್ಲಿ ಒಂದು ಕಾಫಿ ಕಂಪನಿಯ ಲೆಕ್ಕದಲ್ಲಿ ರೊಬಸ್ಟಾ ಚೆರ್ರಿಯ (ಸಿಪ್ಪೆ ಸಮೇತ ಒಣಗಿಸಿದ ರೊಬಸ್ಟಾ ತಳಿಯ ಕಾಫಿ ಹಣ್ಣು) ಸರಾಸರಿ ಖರೀದಿ ದರ ಅರ್ಧಕ್ಕಿಂತ ಕೆಳಗೆ ಬಿತ್ತು. ಮಾರುಕಟ್ಟೆಯಲ್ಲಿ ಅಂಥದ್ದೇನೂ ಆಗಿರಲಿಲ್ಲ. ಮಾಲೀಕರು ಹೊಸ ಸಾಫ್ಟ್‌ವೇರಿನ ವರದಿಯನ್ನು ಮೊಬೈಲಿನಲ್ಲಿ ನೋಡಿ ಖರೀದಿ ಮ್ಯಾನೇಜರಿಗೆ ಫೋನ್ ಮಾಡಿದರು. ಅವರು ಐಟಿ ಮುಖ್ಯಸ್ಥೆಗೆ ಮಾಡಿದರು. ಹುಡುಕಿದಾಗ ಸಿಕ್ಕಿದ್ದು ಸಾಲು ಸಾಲು ರಸೀದಿಗಳು. ಎಲ್ಲದರಲ್ಲೂ ರೇಟ್ 1 ರೂಪಾಯಿ.

ಯಾರೂ ಮೋಸ ಮಾಡಿರಲಿಲ್ಲ. ರೇಟ್ ಹಾಕದೆ ಸ್ಕ್ರೀನ್ ಮುಂದಕ್ಕೆ ಹೋಗುತ್ತಿರಲಿಲ್ಲ. ಆದರೆ ರೇಟ್ ಇನ್ನೂ ತೀರ್ಮಾನವೇ ಆಗಿರಲಿಲ್ಲ. ಹೊರಗೆ ಪಿಕಪ್‌ಗಳು ಸಾಲಾಗಿ ನಿಂತಿದ್ದವು. ಡಿಪೋದಲ್ಲಿ ಲೆಕ್ಕ ಬರೆಯುವ ರೈಟರ್‌ಗಳು 1 ಅಂತ ಒತ್ತಿ ಕೆಲಸ ಮುಂದುವರಿಸಿದರು, ಅಷ್ಟೆ.

ಇದು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ಕಂಪನಿಯ ಪ್ರಕರಣ. ಹೆಸರು ಬೇಡ. ಗುರುತು ಹತ್ತದ ಹಾಗೆ ಕೆಲವು ವಿವರ ಬದಲಾಯಿಸಿದ್ದೇನೆ. ಐಟಿಯವರಿಗೂ ವ್ಯವಹಾರ ನಡೆಸುವವರಿಗೂ ನಡುವೆ ಎಲ್ಲಿ ಹಳಿ ತಪ್ಪುತ್ತದೆ, ಮತ್ತೆ ಹಳಿಗೆ ಬರುವುದು ಹೇಗೆ ಎಂಬುದು ಇದರಲ್ಲಿ ಚೆನ್ನಾಗಿ ಕಾಣುತ್ತದೆ.

ಕಂಪನಿ, ಸೀಸನ್, ಜನ

ದೇಶದ ಕಾಫಿಯಲ್ಲಿ ಸುಮಾರು ಶೇ 70 ಕರ್ನಾಟಕದ್ದು. ಕೊಡಗು, ಚಿಕ್ಕಮಗಳೂರು, ಹಾಸನ ಈ ಮೂರೇ ಜಿಲ್ಲೆಗಳದ್ದು ಅಂದರೂ ಆದೀತು. ಬೆಳೆದದ್ದರಲ್ಲಿ ಹೆಚ್ಚಿನ ಪಾಲು ಹೊರದೇಶಕ್ಕೆ ಹೋಗುತ್ತದೆ. ಇಟಲಿ, ಜರ್ಮನಿ ದೊಡ್ಡ ಗಿರಾಕಿಗಳು.

ಈ ಕಂಪನಿಗೆ ಆಲ್ದೂರು, ಮೂಡಿಗೆರೆ, ಕಳಸ, ಸಕಲೇಶಪುರ ಕಡೆ ಖರೀದಿ ಡಿಪೋಗಳಿವೆ. ಬೆಳೆಗಾರರು ಒಣಗಿಸಿದ ಚೆರ್ರಿ ಅಥವಾ ಪಾರ್ಚ್‌ಮೆಂಟನ್ನು (ಹಣ್ಣಿನ ತಿರುಳು ತೆಗೆದು ಒಣಗಿಸಿದ ಬೀಜ) ಅಲ್ಲಿಗೆ ತರುತ್ತಾರೆ. ಡಿಪೋದಿಂದ ಅದು ಕ್ಯೂರಿಂಗ್ ವರ್ಕ್ಸಿಗೆ ಬಂದು, ಸಿಪ್ಪೆ ತೆಗೆದು, ಜರಡಿಯಲ್ಲಿ ಗ್ರೇಡ್ ಆಗಿ ಹೋಗುತ್ತದೆ. ಅರೇಬಿಕಾ ಕೊಯ್ಲು ನವೆಂಬರಿನಲ್ಲಿ ಬಿರುಸಾಗುತ್ತದೆ, ರೊಬಸ್ಟಾ ಅದರ ಹಿಂದೆ ಬರುತ್ತದೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಡಿಪೋದಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ಮಳೆಗಾಲದಲ್ಲಿ ಅದೇ ರೈಟರ್ ಮಧ್ಯಾಹ್ನ ಪೇಪರ್ ಓದುತ್ತಾ ಕೂತಿರುತ್ತಾರೆ. ಈ ವ್ಯತ್ಯಾಸ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಐಟಿ ಮುಖ್ಯಸ್ಥೆ ಹಾಸನದಲ್ಲಿ ಇಂಜಿನಿಯರಿಂಗ್ ಓದಿದವರು. ಬೆಂಗಳೂರಿನ ದೊಡ್ಡ ಕಂಪನಿಯಲ್ಲಿ ಕೆಲಸ ಮಾಡಿ ಊರ ಕಡೆ ವಾಪಸ್ ಬಂದಿದ್ದರು. ಅವರ ಕೈಕೆಳಗೆ ಬೆರಳೆಣಿಕೆಯ ಹುಡುಗರು. ಖರೀದಿ ಮ್ಯಾನೇಜರ್ ಹಳೆ ಕೈ. ಮೂಟೆಗೆ ಕೈ ಹಾಕಿ ಒಂದು ಹಿಡಿ ಚೆರ್ರಿ ಅಲ್ಲಾಡಿಸಿ, ಅದರ ಸದ್ದಿನಲ್ಲೇ ಒಣಗಿದೆಯೋ ಇಲ್ಲವೋ ಹೇಳುವವರು. ಇಬ್ಬರೂ ಕೆಲಸದಲ್ಲಿ ಗಟ್ಟಿಗರೇ.

ಕಟ್ಟಿದ್ದು ಏನು

ಹಳೆಯ ಪದ್ಧತಿ ಹೀಗಿತ್ತು. ಡಿಪೋದಲ್ಲಿ ಕೈಬರಹದ ಚೀಟಿ. ವಾರಕ್ಕೊಮ್ಮೆ ಚೀಟಿಗಳ ಕಟ್ಟು ಹೆಡ್ ಆಫೀಸಿಗೆ ಬರುತ್ತಿತ್ತು. ಅಲ್ಲಿ ಅಕೌಂಟ್ಸಿನವರು ಕಂಪ್ಯೂಟರಿಗೆ ಹಾಕುತ್ತಿದ್ದರು. ಇವತ್ತು ಎಷ್ಟು ಕಾಫಿ ಕೈಯಲ್ಲಿದೆ ಎಂದು ಮಾಲೀಕರು ಕೇಳಿದರೆ ಉತ್ತರ ಸಿಗಲು ದಿನಗಟ್ಟಲೆ ಬೇಕಿತ್ತು. ರೊಬಸ್ಟಾ ರೇಟ್ ಲಂಡನ್ ಮಾರುಕಟ್ಟೆ ನೋಡಿ ಏಳುತ್ತದೆ, ಬೀಳುತ್ತದೆ, ಅರೇಬಿಕಾ ನ್ಯೂಯಾರ್ಕ್ ನೋಡಿ. ಅಂಥ ವ್ಯಾಪಾರದಲ್ಲಿ ವಾರದ ಹಿಂದಿನ ಲೆಕ್ಕ ಇಟ್ಟುಕೊಂಡು ಕೂರುವುದು ಕಷ್ಟ. ಹಾಗಾಗಿ ಹೊಸ ವ್ಯವಸ್ಥೆ ಬೇಕು ಎಂಬುದರಲ್ಲಿ ಯಾರಿಗೂ ತಕರಾರಿರಲಿಲ್ಲ.

ಐಟಿಯವರು ಪ್ರತಿ ಡಿಪೋಗೆ ಒಂದು ಟ್ಯಾಬ್ ಕೊಟ್ಟರು. ಬೆಳೆಗಾರರ ಹೆಸರು, ಪ್ಯಾನ್, ಬ್ಯಾಂಕ್ ಖಾತೆ, ಮೂಟೆ, ತೂಕ, ತೇವಾಂಶ, ಔಟ್‌ಟರ್ನ್ (ಮೂಟೆಗೆ ಸಿಗುವ ಬೀಜದ ತೂಕ), ರೇಟ್. ಎಲ್ಲ ತುಂಬಿದರೆ ಮೊತ್ತ ಬರುತ್ತದೆ, ಪಾವತಿಗೆ ಹೋಗುತ್ತದೆ. ಅಚ್ಚುಕಟ್ಟಾದ ಸ್ಕ್ರೀನ್. ಚಿಕ್ಕಮಗಳೂರಿನ ಒಂದು ಹೋಟೆಲಿನಲ್ಲಿ ತರಬೇತಿಯೂ ಆಯಿತು, ಇಂಗ್ಲಿಷ್ ಸ್ಲೈಡ್‌ಗಳ ಜೊತೆಗೆ. ಊಟ ಚೆನ್ನಾಗಿತ್ತು ಎಂದು ರೈಟರ್‌ಗಳು ಈಗಲೂ ಹೇಳುತ್ತಾರೆ.

ಡಿಸೆಂಬರಿನಲ್ಲಿ ಶುರು ಮಾಡಿದರು. ಹೊಸ ವರ್ಷ ಬರುವಷ್ಟರಲ್ಲಿ ರೈಟರ್‌ಗಳೆಲ್ಲ ಮತ್ತೆ ತಮ್ಮ ಹಳೆ ಲೆಕ್ಕದ ಪುಸ್ತಕಕ್ಕೆ ಹೋಗಿದ್ದರು. ಹಗಲು ಪುಸ್ತಕದಲ್ಲಿ ಬರೆದು, ರಾತ್ರಿ ಊಟವಾದ ಮೇಲೆ ಟ್ಯಾಬಿಗೆ ಹಾಕುತ್ತಿದ್ದರು. ಹೆಡ್ ಆಫೀಸಿನ ಪರದೆಯಲ್ಲಿ ಮಾತ್ರ ಎಲ್ಲ ಡಿಪೋಗಳೂ ಹಸಿರು ಬಣ್ಣದಲ್ಲಿ ಕಾಣುತ್ತಿದ್ದವು. ಐಟಿಗೆ ಅಷ್ಟೇ ಸಾಕಾಗಿತ್ತು.

ಇನ್ನೂ ಕೆಲವರು ಕೈಚೀಟಿ ಕೊಡುತ್ತಿದ್ದಾರೆ ಎಂದು ಗೊತ್ತಾದಾಗ ಐಟಿ ಮುಖ್ಯಸ್ಥೆ ಇದನ್ನು ತರಬೇತಿಯ ಕೊರತೆ ಅಂದುಕೊಂಡರು. ಸೋಮವಾರದಿಂದ ಕೈಬರಹದ ಚೀಟಿ ನಡೆಯುವುದಿಲ್ಲ ಎಂದು ಮೇಲ್ ಹಾಕಿದರು. ಆ ಸೋಮವಾರ ಒಂದು ಡಿಪೋದಲ್ಲಿ ನೆಟ್‌ವರ್ಕ್ ಇರಲಿಲ್ಲ. ಬೆಳೆಗಾರರು ಕಾದರು, ಬೈದರು, ಪಕ್ಕದ ವ್ಯಾಪಾರಿಯ ಹತ್ತಿರ ಹೋದರು. ಖರೀದಿ ಮ್ಯಾನೇಜರ್ ಎಲ್ಲರೆದುರು ಕೇಳಿದರು: "ಕಾಫಿ ತರೋದು ನಿಮ್ಮ ಕಂಪ್ಯೂಟರಾ, ನಾವಾ?" ಅದಾದ ಮೇಲೇ 1 ರೂಪಾಯಿ ರಸೀದಿಗಳು ಶುರುವಾದದ್ದು.

ಆದೇಶ ಹೊರಡಿಸಿದರೆ ಜನ ನಿಮ್ಮ ವ್ಯವಸ್ಥೆ ಬಳಸುತ್ತಾರೆ, ನಿಜ. ಆದರೆ ಸುಳ್ಳು ಅಂಕಿ ಹಾಕಿ ಬಳಸುತ್ತಾರೆ. ನನ್ನ ಪ್ರಕಾರ ಅದಕ್ಕಿಂತ ಬಳಸದೆ ಇರುವುದೇ ಮೇಲು. ಬಳಸದಿದ್ದರೆ ಕಣ್ಣಿಗಾದರೂ ಬೀಳುತ್ತದೆ.

ಕಳಸದ ಕಡೆಯ ಡಿಪೋ

ಮಾಲೀಕರ ಫೋನಿನ ನಂತರ ಐಟಿ ಮುಖ್ಯಸ್ಥೆ ಒಂದು ಒಳ್ಳೆ ಕೆಲಸ ಮಾಡಿದರು. ಸಭೆ ಕರೆಯಲಿಲ್ಲ. ಕಳಸದ ಕಡೆಯ ಡಿಪೋಗೆ ಹೋಗಿ ತೂಕದ ಸ್ಕೇಲಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. ಲ್ಯಾಪ್‌ಟಾಪ್ ತೆಗೆಯಲಿಲ್ಲ. ಅಲ್ಲಿನ ಹಿರಿಯ ರೈಟರ್ ಜೊತೆ ಆದ ಮಾತನ್ನು ಅವರೇ ನನಗೆ ಹೇಳಿದರು.

"1 ರೂಪಾಯಿ ಅಂತ ಯಾಕೆ ಹಾಕಿದ್ರಿ ಅಣ್ಣ?"

"ಗೌಡ್ರು ಮೂಟೆ ಇಟ್ಟು ಹೋಗ್ತಾರೆ ಮೇಡಂ. ರೇಟು ಅವರ ಮನಸ್ಸಲ್ಲಿರುತ್ತೆ. ನಾನೆಲ್ಲಿಂದ ತಂದು ಹಾಕ್ಲಿ?"

"ಹೋಟ್ಲಲ್ಲಿ ತರಬೇತಿ ಆದಾಗ್ಲೇ ಹೇಳಬಹುದಿತ್ತಲ್ಲ?"

"ಕೇಳಿದ್ಯಾರು? ಟ್ಯಾಬ್ ಹೆಂಗೆ ಒತ್ತೋದು ಅಂತ ಹೇಳ್ಕೊಟ್ರಿ. ಕಲ್ತೆ."

ಈ ವ್ಯಾಪಾರದಲ್ಲಿ ಕಾಫಿ ಬರುವ ದಿನ ಬೇರೆ, ರೇಟ್ ಫಿಕ್ಸ್ ಆಗುವ ದಿನ ಬೇರೆ. ಬೆಳೆಗಾರರು ಜನವರಿಯಲ್ಲಿ ಮೂಟೆ ಹಾಕಿ, ಆಳುಗಳ ಬಟವಾಡೆಗೆ ಒಂದಿಷ್ಟು ಅಡ್ವಾನ್ಸ್ ತಗೊಂಡು ಹೋಗುತ್ತಾರೆ. ರೇಟ್ ಏರುತ್ತದಾ ಅಂತ ಕಾಯುತ್ತಾರೆ. ಮಾರ್ಚಿನಲ್ಲೋ ಮೇ ತಿಂಗಳಲ್ಲೋ ಬಂದು ಇವತ್ತಿನ ರೇಟಿಗೆ ಮಾಡಿಬಿಡಿ ಅನ್ನುತ್ತಾರೆ.

ಇದರ ಹಿಂದೆ ಒಂದು ಇತಿಹಾಸವೂ ಇದೆ. 1940ರ ದಶಕದಿಂದ ಬೆಳೆಗಾರರು ಕಾಫಿಯನ್ನು ಸರ್ಕಾರದ ಕಾಫಿ ಬೋರ್ಡಿನ ಪೂಲಿಗೇ, ಅಂದರೆ ಎಲ್ಲರದ್ದೂ ಸೇರುವ ಒಟ್ಟು ರಾಶಿಗೇ, ಕೊಡಬೇಕಿತ್ತು. ಬೋರ್ಡ್ ಮಾರಿ, ಹಣವನ್ನು ಕಂತಿನಲ್ಲಿ ಕೊಡುತ್ತಿತ್ತು. ಯಾವತ್ತು ಮಾರಬೇಕು ಎಂಬ ಪ್ರಶ್ನೆ ಬೆಳೆಗಾರರ ಮುಂದೆ ಇರಲೇ ಇಲ್ಲ. 1990ರ ದಶಕದ ಮೊದಲ ವರ್ಷಗಳಲ್ಲಿ ಆ ಕಟ್ಟು ಸಡಿಲವಾಗುತ್ತಾ ಬಂತು, 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತವಾಯಿತು. ಮಾರುವ ದಿನವನ್ನು ತಾನೇ ಆರಿಸುವ ಹಕ್ಕು ಬೆಳೆಗಾರರಿಗೆ ಸಿಕ್ಕಿದ್ದು ಆಗ. ಅದನ್ನು ಅವರು ಸುಮ್ನೆ ಬಿಟ್ಟುಕೊಡುತ್ತಾರಾ? ರೇಟ್ ಕಾಲಂ ಕಡ್ಡಾಯ ಎಂದ ಸಾಫ್ಟ್‌ವೇರ್ ಅವರಿಂದ ಕಿತ್ತುಕೊಳ್ಳಲು ಹೊರಟಿದ್ದು ಅದನ್ನೇ. ಕಟ್ಟಿದ ಹುಡುಗರಿಗೆ ಇದು ಗೊತ್ತಿರಲಿಲ್ಲ.

ಔಟ್‌ಟರ್ನಿನ ಕಥೆಯೂ ಹೀಗೇ. 50 ಕೆಜಿ ಚೆರ್ರಿಯ ಸಿಪ್ಪೆ ತೆಗೆದು 26 ಕೆಜಿ ಬೀಜ ಸಿಕ್ಕರೆ ಔಟ್‌ಟರ್ನ್ 26. ಲೆಕ್ಕಕ್ಕೆ ಅದರ ಒಂದು ಕೆಜಿಗೆ 400 ರೂಪಾಯಿ ಅಂತ ಇಟ್ಟುಕೊಳ್ಳಿ. ಮೂಟೆಗೆ 10,400 ಆಯಿತು. ಔಟ್‌ಟರ್ನ್ 28 ಬಂದರೆ 11,200. ನೂರು ಮೂಟೆ ಹಾಕಿದವರಿಗೆ 80,000 ರೂಪಾಯಿ ವ್ಯತ್ಯಾಸ. ಇದನ್ನು ಕಣ್ಣಳತೆಯಲ್ಲಿ ಹಾಕಲು ಆಗುವುದಿಲ್ಲ. ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ತೂಗಿ, ಬೆಳೆಗಾರರಿಗೆ ಒಪ್ಪಿಗೆಯಾಗಿ ಆಗಬೇಕು. ಸೀಸನ್ ಜೋರಿದ್ದಾಗ ಅದು ಮೂಟೆ ಇಳಿದ ದಿನವೇ ಆಗುವುದಿಲ್ಲ. ತೇವಾಂಶದಲ್ಲೂ ಮಾತುಕತೆ ಇದೆ. ಪಾರ್ಚ್‌ಮೆಂಟಿಗೆ ಶೇ 10, ಅರೇಬಿಕಾ ಚೆರ್ರಿಗೆ 10.5, ರೊಬಸ್ಟಾ ಚೆರ್ರಿಗೆ 11 ಎಂಬುದು ಕಾಫಿ ಬೋರ್ಡಿನ ಅಳತೆ. ಮೀಟರ್ ಅದಕ್ಕಿಂತ ಜಾಸ್ತಿ ತೋರಿಸಿದರೆ ಸಾಫ್ಟ್‌ವೇರ್ ಕೆಂಪು ಮಾಡಿ ನಿಲ್ಲಿಸುತ್ತಿತ್ತು. ರೈಟರ್ ಮಾತ್ರ ಮೂಟೆಯನ್ನು ವಾಪಸ್ ಕಳಿಸುವವರಲ್ಲ. ಅಷ್ಟು ತೂಕ ಕಳೆದುಕೊಂಡು ಕೊಳ್ಳುತ್ತಾರೆ, ಇಲ್ಲವೇ ಡಿಪೋದ ಕಣದಲ್ಲೇ ಒಂದು ದಿನ ಹರಡಿಸುತ್ತಾರೆ.

ರೈಟರ್ ತಮ್ಮ ಪುಸ್ತಕ ತೋರಿಸಿದರು. ದಿನಾಂಕ, ಹೆಸರು, ಊರು, ಮೂಟೆ, ತೂಕ, ಔಟ್‌ಟರ್ನ್, ಅಡ್ವಾನ್ಸ್, ರೇಟ್. ಔಟ್‌ಟರ್ನ್ ಮತ್ತು ರೇಟಿನ ಜಾಗ ಎಷ್ಟೋ ಸಾಲುಗಳಲ್ಲಿ ಖಾಲಿ. ಕೊನೆಯಲ್ಲಿ ಅಗಲವಾದ ಒಂದು ಷರಾ ಕಾಲಂ. "ತಮ್ಮನ ಪಾಲು 12 ಮೂಟೆ ಬೇರೆ." "ಪಹಣಿ ಅಪ್ಪನ ಹೆಸರಲ್ಲಿ, ದುಡ್ಡು ಮಗನ ಖಾತೆಗೆ." "ಏಪ್ರಿಲ್ ಮದುವೆ, ಅಷ್ಟರೊಳಗೆ ರೇಟ್ ಮಾಡ್ತಾರೆ." ಐಟಿಯವರು ತಿಂಗಳುಗಟ್ಟಲೆ ಕೂತು ಬರೆದ ದಾಖಲೆಯಲ್ಲಿ ಇರಬೇಕಾದದ್ದೆಲ್ಲ ಆ ಪುಸ್ತಕದಲ್ಲಿತ್ತು. ರೈಟರ್‌ಗಳು ಅದನ್ನು ಗುಟ್ಟಾಗಿ ಇಟ್ಟುಕೊಂಡಿದ್ದರು. ಐಟಿಯವರು ಅದನ್ನು ಬಿಡಿಸಬೇಕಾದ ಕೆಟ್ಟ ಅಭ್ಯಾಸ ಎಂದುಕೊಂಡಿದ್ದರು.

ನಿಮ್ಮ ಸಂಸ್ಥೆಯಲ್ಲೂ ಇಂಥ ಒಂದು ಪುಸ್ತಕ, ಒಂದು ಎಕ್ಸೆಲ್ ಶೀಟ್, ಒಂದು ವಾಟ್ಸಾಪ್ ಗುಂಪು ಇರುತ್ತದೆ. ಅದನ್ನು ಮುಚ್ಚಿಸುವ ಮೊದಲು ಒಂದು ಸಲ ಪೂರ್ತಿ ಓದಿ.

ತಪ್ಪು ಒಂದೇ ಕಡೆಯದಲ್ಲ

ಕಥೆ ಇಲ್ಲಿಗೆ ನಿಂತರೆ ಐಟಿಯವರದ್ದೇ ಎಲ್ಲಾ ತಪ್ಪು ಅನಿಸುತ್ತದೆ. ಹಾಗಲ್ಲ. ಮಳೆಗಾಲದಲ್ಲಿ ಐಟಿಯವರು ಖರೀದಿ ವಿಭಾಗವನ್ನು ಸಭೆಗೆ ಕರೆದಿದ್ದರು. ಮ್ಯಾನೇಜರ್ ತಾವು ಹೋಗದೆ ಹೊಸದಾಗಿ ಸೇರಿದ ಹುಡುಗನೊಬ್ಬನನ್ನು ಕಳಿಸಿದ್ದರು. ಕೊನೆಗೆ ಬಂದ ದಾಖಲೆಗೆ ಓದದೆ ಸಹಿ ಹಾಕಿದ್ದರು. ಇಂಗ್ಲಿಷಿನಲ್ಲಿ ಅಷ್ಟು ದಪ್ಪ ಕಾಗದ ಕೊಟ್ಟರೆ ಯಾರು ಓದುತ್ತಾರೆ ಎಂಬುದು ಅವರ ವಾದ. ಅದೂ ಸರಿಯೇ. ಆದರೆ ಸಹಿ ಅವರದೇ ಅಲ್ವಾ?

ಖರೀದಿಯವರು ಬಿಟ್ಟ ಜಾಗವನ್ನು ಅಕೌಂಟ್ಸಿನವರು ತುಂಬಿದರು. ಅವರು ಐಟಿಯ ಎದುರು ಕೋಣೆಯಲ್ಲೇ ಇದ್ದರು, ದಿನಾ ಸಿಗುತ್ತಿದ್ದರು. ಹಾಗಾಗಿ ಸಾಫ್ಟ್‌ವೇರ್ ಅಕೌಂಟ್ಸಿನ ಕಣ್ಣಿನಿಂದ ಹುಟ್ಟಿತು. ಅವರಿಗೆ ಬೇಕಿದ್ದದ್ದು ಮುಗಿದ ವ್ಯವಹಾರ: ಇಷ್ಟು ತೂಕ, ಇಷ್ಟು ರೇಟ್, ಇಷ್ಟು ಹಣ. ಡಿಪೋದಲ್ಲಿ ನಡೆಯುವುದು ಮುಗಿಯದ ವ್ಯವಹಾರ. ಯಾರು ಹತ್ತಿರ ಕೂರುತ್ತಾರೋ ಅವರ ಕೆಲಸದ ಆಕಾರವನ್ನೇ ಸಾಫ್ಟ್‌ವೇರ್ ಪಡೆಯುತ್ತದೆ. ಇದನ್ನು ನಾನು ಬೇರೆ ಕಡೆಯೂ ಕಂಡಿದ್ದೇನೆ.

ಬದಲಾದದ್ದು

ಮೊದಲ ಬದಲಾವಣೆ ರಸೀದಿಯದ್ದು. ಒಂದೇ ರಸೀದಿಗೆ ಮೂರು ಹಂತ ಬಂತು. ಕಾಫಿ ಬಂತು, ಗುಣಮಟ್ಟ ತೀರ್ಮಾನವಾಯಿತು, ರೇಟ್ ಫಿಕ್ಸ್ ಆಯಿತು. ಒಂದೊಂದಕ್ಕೂ ಅದರದೇ ದಿನಾಂಕ, ಅದರದೇ ಜವಾಬ್ದಾರಿ. ರೇಟ್ ಖಾಲಿ ಬಿಡಬಹುದು. ಷರಾ ಕಾಲಂ ಹಾಗೇ ಬಂತು, ಅಗಲವಾಗಿಯೇ. ಸ್ಕ್ರೀನ್ ಕನ್ನಡಕ್ಕೆ ಬಂತು. ನೆಟ್‌ವರ್ಕ್ ಇಲ್ಲದಿದ್ದರೂ ಟ್ಯಾಬಿನಲ್ಲಿ ಉಳಿದು, ಆಮೇಲೆ ತಾನಾಗಿ ಹೋಗುತ್ತದೆ. ಬೆಳೆಗಾರರ ಕೈಗೆ ಅಲ್ಲೇ ಸಣ್ಣ ಪ್ರಿಂಟರಿನಿಂದ ರಸೀದಿ.

ಮಾಲೀಕರಿಗೆ ಇದರಿಂದ ಸಿಕ್ಕಿದ್ದು ಮೊದಲು ಕೇಳಿದ್ದಕ್ಕಿಂತ ಜಾಸ್ತಿ. ಗೋಡೌನಿನಲ್ಲಿ ಕಾಫಿ ಇದೆ, ಆದರೆ ರೇಟ್ ಫಿಕ್ಸ್ ಆಗಿಲ್ಲ. ಅಂಥದ್ದು ಎಷ್ಟಿದೆ? ಬೆಲೆ ಏರಿದರೆ ಕಂಪನಿಗೆ ಹೊಡೆತ ಬೀಳುವುದು ಅಲ್ಲೇ. ಹಳೆಯ ಚೀಟಿ ಪದ್ಧತಿಯಲ್ಲಿ ಈ ಅಂಕಿ ಯಾರಿಗೂ ಒಟ್ಟಾಗಿ ಕಾಣುತ್ತಿರಲಿಲ್ಲ. ಕಡ್ಡಾಯ ಕಾಲಂ ಇಟ್ಟ ಮೊದಲ ಸಾಫ್ಟ್‌ವೇರಿನಲ್ಲೂ ಕಾಣುತ್ತಿರಲಿಲ್ಲ. ಖಾಲಿ ಬಿಡಲು ಬಿಟ್ಟ ಮೇಲೆ ಕಂಡಿತು. ಖರೀದಿ ಮ್ಯಾನೇಜರ್ ಐಟಿಯ ಬಾಗಿಲಿಗೆ ತಾವಾಗಿ ಬಂದದ್ದು ಈ ವರದಿ ನೋಡಿದ ಮೇಲೆ.

ಎರಡನೆಯದು ಯಾರು ತೀರ್ಮಾನಿಸುವುದು ಎಂಬುದು. ಡಿಪೋ ಸಾಫ್ಟ್‌ವೇರಿನಲ್ಲಿ ಮುಂದೆ ಏನು ಬೇಕು, ಯಾವುದು ಮೊದಲು ಎಂದು ಹೇಳುವವರು ಖರೀದಿ ಮ್ಯಾನೇಜರ್. ಐಟಿ ಹೇಳುವುದು ಎಷ್ಟು ದಿನ, ಎಷ್ಟು ಖರ್ಚು, ಏನು ಅಪಾಯ ಎಂದು. ಸಭೆಗೆ ಹುಡುಗರನ್ನು ಕಳಿಸುವಂತಿಲ್ಲ, ಮ್ಯಾನೇಜರ್ ತಾವೇ ಬರಬೇಕು. ಇದನ್ನು ಮಾಲೀಕರಿಂದಲೇ ಹೇಳಿಸಿದರು. ಐಟಿ ಮುಖ್ಯಸ್ಥೆ ತಾವೇ ಹೇಳಿದ್ದರೆ ನಡೆಯುತ್ತಿರಲಿಲ್ಲ. ಇಂಥ ಜಾಗದಲ್ಲಿ ಮೇಲಿನವರ ಮಾತು ಪಡೆಯುವುದು ಐಟಿ ನಾಯಕರ ಕೆಲಸವೇ. ಅದರಲ್ಲಿ ಸಣ್ಣತನವೇನಿಲ್ಲ.

ಪ್ಯಾನ್ ವಿಷಯಕ್ಕೆ ಖರೀದಿಯವರಿಗೂ ಅಕೌಂಟ್ಸಿನವರಿಗೂ ಜಗಳವಾಯಿತು. 2021ರ ಜುಲೈಯಿಂದ, ಹಿಂದಿನ ವರ್ಷ 10 ಕೋಟಿ ಮೀರಿ ವಹಿವಾಟು ಮಾಡಿದ ಸಂಸ್ಥೆ ಒಬ್ಬರಿಂದಲೇ ವರ್ಷಕ್ಕೆ 50 ಲಕ್ಷ ರೂಪಾಯಿ ಮೀರಿ ಸರಕು ಕೊಂಡರೆ, ಮೀರಿದ ಭಾಗಕ್ಕೆ ಶೇ 0.1 ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ) ಹಿಡಿಯಬೇಕು. ಅದಕ್ಕಾಗಿ ಅಕೌಂಟ್ಸಿನವರು ಎಲ್ಲರಿಗೂ ಪ್ಯಾನ್ ಕಡ್ಡಾಯ ಮಾಡಿಸಿದ್ದರು. ಎರಡು ಮೂಟೆ ತರುವ ಅಜ್ಜಿಗೂ. ಹಿಂದೆ ಆಗಿದ್ದರೆ ಐಟಿಯವರು ಒಂದು ಕಡೆಯ ಮಾತು ಕೇಳಿ ಮಾಡಿಬಿಡುತ್ತಿದ್ದರು. ಈ ಸಲ ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಿದರು. ಒಬ್ಬೊಬ್ಬರ ವರ್ಷದ ಮೊತ್ತವನ್ನು ಸಾಫ್ಟ್‌ವೇರೇ ಕೂಡಿಸುತ್ತಾ ಹೋಗುವುದು, ಮಿತಿ ಹತ್ತಿರ ಬಂದಾಗ ಪ್ಯಾನ್ ಕೇಳುವುದು ಎಂದಾಯಿತು. ಅಕೌಂಟ್ಸಿನವರು ಪೂರ್ತಿ ಖುಷಿಯಾಗಲಿಲ್ಲ. ಒಪ್ಪಿದರು.

ಇನ್ನೊಂದು ನಿಯಮ ನನಗೆ ಬಹಳ ಹಿಡಿಸಿತು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಡಿಪೋ ಸಾಫ್ಟ್‌ವೇರಿನಲ್ಲಿ ಹೊಸದೇನನ್ನೂ ಸೇರಿಸುವಂತಿಲ್ಲ. ಕೆಟ್ಟದ್ದನ್ನು ಸರಿ ಮಾಡಬಹುದು, ಅಷ್ಟೆ. ಹೊಸತನ್ನು ಜುಲೈ, ಆಗಸ್ಟಿನಲ್ಲಿ ತೋರಿಸಬೇಕು. ಮಲೆನಾಡಿನ ಮಳೆಯಲ್ಲಿ ರೈಟರ್‌ಗಳಿಗೆ ಕೂತು ನೋಡಲು ಸಮಯವಿರುತ್ತದೆ. ಕಳಸ ಕಡೆಯ ಆ ಹಿರಿಯ ರೈಟರ್ ಪರೀಕ್ಷೆ ಮಾಡುವ ತಂಡದಲ್ಲಿದ್ದಾರೆ. ಅವರು ಬೇಡ ಅಂದರೆ ಆ ಸೀಸನ್ನಿಗೆ ಅದು ಡಿಪೋಗೆ ಹೋಗುವುದಿಲ್ಲ. ಅಭಿಪ್ರಾಯ ಕೇಳಿ ಚಹಾ ಕೊಟ್ಟು ಕಳಿಸುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ. ಹೋದ ವರ್ಷ ಅವರು ಒಂದು ಸಲ ಬೇಡ ಅಂದರು. ಐಟಿ ಹುಡುಗರು ಮುಖ ಊದಿಸಿಕೊಂಡರು, ಆದರೂ ಅದು ಹೋಗಲಿಲ್ಲ.

ದೂರು ಹೇಳಲು ಮೊದಲು ಇಂಗ್ಲಿಷಿನ ಒಂದು ಫಾರಂ ಇತ್ತು. ಡಿಪೋದವರು ಯಾರೂ ತುಂಬುತ್ತಿರಲಿಲ್ಲ. ಈಗ ಒಂದು ಫೋನ್ ನಂಬರ್ ಇದೆ. ಸಂಜೆ ಲೆಕ್ಕ ಮುಗಿಸುವ ಹೊತ್ತಿಗೆ ಐಟಿಯ ಒಬ್ಬರು ಎತ್ತಲೇಬೇಕು. ಫಾರಂ ಏನಿದ್ದರೂ ಎತ್ತಿದವರೇ ತುಂಬಿಕೊಳ್ಳುತ್ತಾರೆ.

ಎಲ್ಲವೂ ಸರಿಹೋಯಿತು ಅಂತಲ್ಲ. ಹಳೆ ಗಿರಾಕಿಗಳಿಗೆ ಖರೀದಿ ಮ್ಯಾನೇಜರ್ ಬಾಯಿಮಾತಿನಲ್ಲಿ ಸ್ವಲ್ಪ ಮೇಲಿನ ರೇಟ್ ಕೊಡುತ್ತಾರೆ. ಯಾರಿಗೆ, ಎಷ್ಟು, ಯಾಕೆ ಎಂಬುದು ಅವರ ತಲೆಯಲ್ಲಿ ಮಾತ್ರ ಇದೆ. ಅದನ್ನು ಸಾಫ್ಟ್‌ವೇರಿಗೆ ತರಲು ಅವರು ಒಪ್ಪಿಲ್ಲ. ಐಟಿ ಮುಖ್ಯಸ್ಥೆಯೂ ಸದ್ಯಕ್ಕೆ ಒತ್ತಾಯಿಸಿಲ್ಲ. ಮ್ಯಾನೇಜರ್ ನಿವೃತ್ತರಾದ ದಿನ ಕಂಪನಿಗೆ ಇದು ಕಷ್ಟವಾಗುತ್ತದೆ ಎಂದು ನನಗನಿಸುತ್ತದೆ. ಆದರೆ ಈಗಷ್ಟೇ ಕೂಡಿದ ಕೈಯನ್ನು ಅದಕ್ಕಾಗಿ ಬಿಡಿಸಿಕೊಳ್ಳುವುದು ಬೇಡ ಎಂಬ ಐಟಿ ಮುಖ್ಯಸ್ಥೆಯ ಲೆಕ್ಕವೂ ಅರ್ಥವಾಗುತ್ತದೆ.

ಯೂರೋಪಿನ ಕಾನೂನು ಬಂದಾಗ

ನಿಜವಾದ ಪರೀಕ್ಷೆ ಬಂದದ್ದು ಬೇರೆ ಕಡೆಯಿಂದ. ಕಾಡು ಕಡಿದು ಬೆಳೆದ ಸರಕು ಬೇಡ ಎಂದು ಯೂರೋಪಿಯನ್ ಒಕ್ಕೂಟ 2023ರಲ್ಲಿ ಒಂದು ಕಾನೂನು ಮಾಡಿತು. ಕಾಫಿಯೂ ಅದರಲ್ಲಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿ ಮಾರುವಂತಿಲ್ಲ. ಯಾವ ಜಮೀನಿನಲ್ಲಿ ಬೆಳೆದದ್ದು ಎಂದು ಅಕ್ಷಾಂಶ, ರೇಖಾಂಶ ಕೊಡಬೇಕು. 4 ಹೆಕ್ಟೇರ್‌ವರೆಗಿನ ಜಮೀನಿಗೆ ಒಂದು ಬಿಂದು ಸಾಕು. ಅದಕ್ಕಿಂತ ದೊಡ್ಡದಾದರೆ ಗಡಿಯ ಸುತ್ತಲಿನ ಬಿಂದುಗಳು ಬೇಕು. ಜಾರಿಯ ಗಡುವು ಒಂದಕ್ಕಿಂತ ಹೆಚ್ಚು ಸಲ ಮುಂದೆ ಹೋಗಿದೆ, ಆದರೆ ಗಿರಾಕಿಗಳು ಕೇಳುವುದು ನಿಂತಿಲ್ಲ.

ಹಿಂದಿನ ಐಟಿ ಆಗಿದ್ದರೆ ಟ್ಯಾಬಿನಲ್ಲಿ ಇನ್ನೊಂದು ಕಡ್ಡಾಯ ಕಾಲಂ ಬರುತ್ತಿತ್ತು. ಈ ಸಲ ಮೊದಲು ಡಿಪೋದಲ್ಲಿ ಕೇಳಿದರು. ರೈಟರ್‌ಗಳು ತಕ್ಷಣ ಹೇಳಿದರು: ಕೇಳಿದರೆ ಅರ್ಧ ಜನ ಕಾಫಿಯನ್ನೇ ತರುವುದಿಲ್ಲ. ಕಾರಣ ಜಮೀನು. ಈ ಭಾಗದಲ್ಲಿ ಸ್ವಂತ ಹಿಡುವಳಿಯ ಅಂಚಿಗೇ ಸರ್ಕಾರಿ ಜಾಗದಲ್ಲಿ ಕಾಫಿ ಹಾಕಿದವರು ಬಹಳ ಜನ. ಬಗರ್‌ಹುಕುಂ ಅರ್ಜಿ ಹಾಕಿ ಕಾಯುತ್ತಿರುವವರಿದ್ದಾರೆ. ಒತ್ತುವರಿ ಎಂಬ ಮಾತು ಕೇಳಿದರೇ ಅವರು ಬೆಚ್ಚುತ್ತಾರೆ. ಅಂಥವರ ತೋಟಕ್ಕೆ ಹೋಗಿ ಮೊಬೈಲಿನಲ್ಲಿ ಗಡಿ ಗುರುತು ಮಾಡುತ್ತೇವೆ ಅಂದರೆ ಏನಾಗುತ್ತದೆ, ನೀವೇ ಯೋಚಿಸಿ.

ಖರೀದಿಯವರು ಒಂದು ಸುಲಭದ ದಾರಿ ಹೇಳಿದರು. ತೋಟ ಬೇಡ, ಮನೆ ಮುಂದಿನ ಕಣದ ಬಿಂದು ತಗೊಳ್ಳೋಣ. ಇಲ್ಲಿ ಐಟಿ ಮುಖ್ಯಸ್ಥೆ ತಲೆಯಾಡಿಸಲಿಲ್ಲ. ಕಾನೂನು ಕೇಳುವುದು ಬೆಳೆದ ಜಮೀನನ್ನು, ಒಣಗಿಸಿದ ಜಾಗವನ್ನಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಬಳಕೆದಾರರ ಮಾತು ಕೇಳುವುದು ಅಂದರೆ ಎಲ್ಲದಕ್ಕೂ ಹೂಂ ಅನ್ನುವುದಲ್ಲ. ಮೊದಲ ಸೀಸನ್ನಿನಲ್ಲಿ ಇದೇ ಮಾತಿಗೆ ರಂಪವಾಗುತ್ತಿತ್ತು. ಈಗ ಮ್ಯಾನೇಜರ್ ಒಂದು ಕ್ಷಣ ಸುಮ್ಮನಿದ್ದು, "ಹಾಗಾದ್ರೆ ಬೇರೆ ಏನು ಮಾಡ್ಬಹುದು ಹೇಳಿ" ಅಂದರು.

ಕೊನೆಗೆ ಹೀಗೆ ಮಾಡಿದರು. ಜಮೀನಿನ ಗುರುತು ಕೊಡುವುದು ಬೆಳೆಗಾರರ ಇಷ್ಟ. ಕೊಡಲು ಒಪ್ಪಿದವರ ತೋಟಕ್ಕೆ ಗೊತ್ತಿರುವ ರೈಟರೇ ಹೋಗುತ್ತಾರೆ, ಐಟಿ ಹುಡುಗ ಜೊತೆಗೆ ಹೋಗುತ್ತಾನೆ. ಪಹಣಿಯಲ್ಲಿ ಇರುವ ಸರ್ವೆ ನಂಬರಿನ ತೋಟದಿಂದ ಶುರು. ಅವರ ಕಾಫಿಗೆ ರಸೀದಿಯಲ್ಲೇ ಬೇರೆ ಗುರುತು. ಕೊಡದವರ ಕಾಫಿಯನ್ನು ಎಂದಿನಂತೆ ಕೊಳ್ಳುವುದು, ಯೂರೋಪ್ ಬಿಟ್ಟು ಬೇರೆ ಕಡೆ ಮಾರುವುದು.

ಕಾಗದದ ಮೇಲೆ ಇದು ಸರಿ. ಆದರೆ ಎರಡೂ ಕಾಫಿ ಒಂದಕ್ಕೊಂದು ಬೆರೆಯಬಾರದು. ಎಲ್ಲಿಯದೆಂದು ಗೊತ್ತಿಲ್ಲದ ಕಾಫಿ ಸೇರಿದರೆ ಇಡೀ ಲಾಟ್ ಹಾಳು. ಅಂದರೆ ಡಿಪೋದಲ್ಲಿ ಬೇರೆ ರಾಶಿ, ಲಾರಿಯಲ್ಲಿ ಬೇರೆ ಲೋಡ್, ಕ್ಯೂರಿಂಗಿನಲ್ಲಿ ಬೇರೆ ಗೋಡೌನ್. ಯಂತ್ರಗಳನ್ನೂ ನಡುವೆ ಖಾಲಿ ಮಾಡಿ ಓಡಿಸಬೇಕು. ಫ್ಯಾಕ್ಟರಿ ಮ್ಯಾನೇಜರ್ ಜಾಗ ಇಲ್ಲ ಅನ್ನುತ್ತಿದ್ದಾರೆ. ಐಟಿಯವರು ಎರಡು ದಾರಿಯ ಖರ್ಚಿನ ಲೆಕ್ಕ ಮಾಡಿ ಕೊಟ್ಟಿದ್ದಾರೆ: ಹೊಸ ಗೋಡೌನ್ ಬಾಡಿಗೆಗೆ ಹಿಡಿಯುವುದು, ಅಥವಾ ಮೂಡಿಗೆರೆ ಡಿಪೋವನ್ನು ಪೂರ್ತಿ ಗುರುತಿರುವ ಕಾಫಿಗೇ ಮೀಸಲಿಡುವುದು. ತೀರ್ಮಾನ ಖರೀದಿ ಮತ್ತು ಫ್ಯಾಕ್ಟರಿ ಮ್ಯಾನೇಜರುಗಳದ್ದು. ಅರೇಬಿಕಾ ಕೊಯ್ಲಿಗೆ ಮುಂಚೆ ಹೇಳುವುದಾಗಿ ಇಬ್ಬರೂ ಒಪ್ಪಿದ್ದಾರೆ. ಅಲ್ಲಿಯವರೆಗೆ ಐಟಿ ಒಂದು ಸಾಲನ್ನೂ ಬರೆಯುವುದಿಲ್ಲ.